270 ಎಲ್ಲಿಂದ ಬಂತು? ಭಿನ್ನರಾಶಿ, ಅನುಪಾತದ ವಾಕ್ಯ ಲೆಕ್ಕಗಳ ಬಗ್ಗೆ ಒಬ್ಬ ತಾಯಿಗೆ ಉತ್ತರ

ಪ್ರಶ್ನೆ: ನನ್ನ ಮಗಳು ಏಳನೇ ತರಗತಿ. ಭಿನ್ನರಾಶಿ ಕೂಡು, ಕಳೆ, ಗುಣಿಸು ಅಂದರೆ ತಪ್ಪಿಲ್ಲದೆ ಮಾಡುತ್ತಾಳೆ. ಅದೇ ಭಿನ್ನರಾಶಿ ನಾಲ್ಕು ಸಾಲಿನ ವಾಕ್ಯದೊಳಗೆ ಬಂತು ಅಂದರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾಳೆ. ಆಮೇಲೆ "ಇದು ಗುಣಿಸೋದಾ, ಭಾಗಿಸೋದಾ, ಅದೊಂದು ಹೇಳಿಬಿಡು" ಅನ್ನುತ್ತಾಳೆ. ಮೊನ್ನೆಯ ಲೆಕ್ಕ ಇದು: ಒಬ್ಬಳು ಒಂದು ಪುಸ್ತಕದ 1/3 ಭಾಗವನ್ನು ಮೊದಲ ದಿನ ಓದಿದಳು. ಉಳಿದದ್ದರಲ್ಲಿ 2/5 ಭಾಗವನ್ನು ಎರಡನೇ ದಿನ ಓದಿದಳು. ಇನ್ನೂ 72 ಪುಟ ಬಾಕಿ ಇದೆ. ಪುಸ್ತಕದಲ್ಲಿ ಒಟ್ಟು ಎಷ್ಟು ಪುಟ? ಇವಳು 270 ಅಂತ ಬರೆದಳು, ಪಠ್ಯದ ಕೊನೆಯಲ್ಲಿ ಉತ್ತರ 180 ಅಂತಿದೆ. ನಾನು ಗೊತ್ತಿಲ್ಲದ ಸಂಖ್ಯೆಗೆ ಎಕ್ಸ್ ಅಂತಿಟ್ಟು ಸಮೀಕರಣ ಬಿಡಿಸಿ ತೋರಿಸಿದೆ, ಅತ್ತುಬಿಟ್ಟಳು. ಅನುಪಾತದ ಲೆಕ್ಕಗಳಲ್ಲೂ ಇದೇ ಕಥೆ. ಭಾಷೆ ಅರ್ಥವಾಗುತ್ತಿಲ್ಲವಾ, ಇಲ್ಲಾ ಗಣಿತದ ತಲೆಯೇ ಇಲ್ಲವಾ? ದಿನಾ ಇಪ್ಪತ್ತು ಲೆಕ್ಕ ಮಾಡಿಸಲಾ? "ಒಟ್ಟು ಅಂದರೆ ಕೂಡು, ಉಳಿದ ಅಂದರೆ ಕಳೆ" ಅಂತ ಪದಗಳ ಪಟ್ಟಿ ಬಾಯಿಪಾಠ ಮಾಡಿಸಿದರೆ ಸರಿಹೋಗುತ್ತಾ?

ಉತ್ತರ: ಆ 270 ಇದೆಯಲ್ಲ, ಅದು ಬಾಯಿಗೆ ಬಂದದ್ದು ಬರೆದ ಉತ್ತರ ಅಲ್ಲ. ನಿಮ್ಮ ಮಗಳು 1/3ಕ್ಕೆ 2/5 ಕೂಡಿದ್ದಾಳೆ, 11/15 ಬಂದಿದೆ. ಹಾಗಾದರೆ ಬಾಕಿ 4/15. ಆ 4/15 ಅಂದರೆ 72 ಪುಟ, ಒಂದು ಪಾಲಿಗೆ 18, ಅಂಥ ಹದಿನೈದು ಪಾಲಿಗೆ 270. ಲ.ಸಾ.ಅ. ಸರಿ, ಕೂಡಿದ್ದು ಸರಿ, ಕಳೆದದ್ದು ಸರಿ, ಕೊನೆಯ ಭಾಗಾಕಾರವೂ ಸರಿ. ಜಾರಿದ್ದು ಒಂದೇ ಕಡೆ. ಎರಡನೇ ದಿನದ 2/5 ಇಡೀ ಪುಸ್ತಕದ್ದಲ್ಲ, ಉಳಿದ ಪುಟಗಳದ್ದು. ಅದರ ಮೇಲೆ ಈ ಲೆಕ್ಕ ಸ್ವಲ್ಪ ಕಳ್ಳ ಲೆಕ್ಕ. ತಪ್ಪು ದಾರಿಯಲ್ಲಿ ಹೋದರೂ ಪೂರ್ಣ ಸಂಖ್ಯೆಯೇ ಬರುತ್ತದೆ, ಹಾಗಾಗಿ ಮಗುವಿಗೆ ಅನುಮಾನ ಬರೋದಕ್ಕೆ ಕಾರಣವೇ ಇಲ್ಲ.

ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆರು, ಏಳು, ಎಂಟನೇ ತರಗತಿಗಳಿಗೆ ಗಣಿತ ಹೇಳಿಕೊಟ್ಟವನಾಗಿ ಹೇಳುತ್ತೇನೆ, ಇಂಥ ತಪ್ಪು ಮಾಡುವ ಮಗುವಿಗೆ ತಲೆ ಇಲ್ಲ ಅನ್ನೋ ಮಾತು ಸುಳ್ಳು. ಭಾಷೆ ಬರೋದಿಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ. ಒಂದು ಸಣ್ಣ ಪರೀಕ್ಷೆ ಮಾಡಿ. ಲೆಕ್ಕ ಓದಿಸಿ, ಪುಸ್ತಕ ಮುಚ್ಚಿಸಿ, "ಏನಾಯ್ತು ಕಥೆ, ಹೇಳು" ಅನ್ನಿ. ಸಂಖ್ಯೆ ಬೇಡ, ಬರೀ ಕಥೆ. ಅವಳು "ಮೊದಲ ದಿನ ಒಂದಷ್ಟು ಓದಿದಳು, ಮಿಕ್ಕಿದ್ದರಲ್ಲಿ ಒಂದಷ್ಟು ಮಾರನೇ ದಿನ ಓದಿದಳು, ಇನ್ನೂ ಇದೆ" ಅಂದರೆ ಭಾಷೆ ಚೆನ್ನಾಗಿದೆ. ನನ್ನ ಅನುಭವದಲ್ಲಿ ಹೆಚ್ಚಿನ ಮಕ್ಕಳು ಕಥೆ ಸರಿಯಾಗಿ ಹೇಳುತ್ತಾರೆ. ಪೆನ್ಸಿಲ್ ಕೈಗೆ ಬಂದ ತಕ್ಷಣ ಕಥೆ ಬಿಟ್ಟು ಸಂಖ್ಯೆಗಳನ್ನು ಹೆಕ್ಕಲು ಶುರು ಮಾಡುತ್ತಾರೆ, ತೊಂದರೆ ಇರೋದು ಅಲ್ಲಿ.

ಇದು ನಿಮ್ಮ ಮನೆಯ ಸಮಸ್ಯೆ ಮಾತ್ರ ಅಲ್ಲ. ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ 1980ರ ಸುಮಾರಿಗೆ ಗಣಿತ ಶಿಕ್ಷಣದ ಸಂಶೋಧಕರು ಮಕ್ಕಳಿಗೆ ಒಂದು ಹುಚ್ಚು ಲೆಕ್ಕ ಕೊಟ್ಟರು. ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕ್ಯಾಪ್ಟನ್ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಕ್ಕಳು ಆ ಸಂಖ್ಯೆಗಳನ್ನೇ ಹಿಡಿದು ಏನೋ ಒಂದು ಉತ್ತರ ಕೊಟ್ಟರು. ದಡ್ಡತನ ಅಂತ ನಗಬೇಡಿ. ಲೆಕ್ಕ ಅಂದರೆ ಸಂಖ್ಯೆ ಹುಡುಕು, ಏನಾದರೂ ಮಾಡು, ಉತ್ತರ ಬರಿ ಅಂತ ನಾವೇ ವರ್ಷಗಟ್ಟಲೆ ಅಭ್ಯಾಸ ಮಾಡಿಸಿದ್ದೇವೆ, ಅವರು ಚೆನ್ನಾಗಿ ಕಲಿತಿದ್ದಾರೆ, ಅಷ್ಟೇ.

ಅದಕ್ಕೇ ಆ ಪದಗಳ ಪಟ್ಟಿ ಬೇಡ ಅನ್ನುತ್ತೇನೆ. ಸುಲಭದ ಲೆಕ್ಕಗಳಲ್ಲಿ ಅದು ಕೆಲಸ ಮಾಡುತ್ತದೆ, ಅದೇ ಅಪಾಯ, ಯಾಕಂದರೆ ಮಗು ಅದನ್ನು ನಂಬಿಬಿಡುತ್ತದೆ. "ಗೆಳತಿಗೆ 12 ಮಣಿ ಕೊಟ್ಟ ಮೇಲೆ ಅವಳ ಬಳಿ 18 ಉಳಿದವು, ಮೊದಲು ಎಷ್ಟಿದ್ದವು?" ಇಲ್ಲಿ "ಉಳಿದ" ಇದೆ, ಆದರೆ ಕೂಡಬೇಕು. ನಿಮ್ಮ ಪುಟಗಳ ಲೆಕ್ಕದಲ್ಲೂ "ಒಟ್ಟು" ಇದೆ, "ಉಳಿದ" ಇದೆ, "ಬಾಕಿ" ಇದೆ. ಪಟ್ಟಿ ಹಿಡಿದು ಕೂತರೆ ಏನು ಮಾಡಬೇಕು ಹೇಳಿ? ದಿನಕ್ಕೆ ಇಪ್ಪತ್ತು ಲೆಕ್ಕವೂ ಅಷ್ಟೇ. ತಪ್ಪು ದಾರಿಯಲ್ಲೇ ಇಪ್ಪತ್ತು ಸಲ ಓಡಾಡಿದರೆ ಆ ದಾರಿ ಇನ್ನೂ ಸವೆಯುತ್ತದೆ. ಒಂದೇ ಲೆಕ್ಕವನ್ನು ಎರಡು ಬಗೆಯಲ್ಲಿ ಮಾಡಿಸಿ, ಸಾಕು.

ಹಾಗಾದರೆ ಏನು ಕೇಳಬೇಕು? "ಗುಣಿಸೋದಾ, ಭಾಗಿಸೋದಾ" ಅನ್ನೋ ಪ್ರಶ್ನೆಗೆ ಮುಂಚೆ ಇನ್ನೊಂದು ಪ್ರಶ್ನೆ ಇದೆ. ಯಾವುದರಲ್ಲಿ? ಯಾವುದರ ಭಾಗ? ವಾಕ್ಯದಲ್ಲಿ ಕಾಣುವ ಪ್ರತಿ ಭಿನ್ನರಾಶಿಗೂ ಒಬ್ಬ ಯಜಮಾನ ಇರುತ್ತಾನೆ. ಅವನು ಯಾರು ಅಂತ ಗೊತ್ತಾಗದೆ ಪೆನ್ಸಿಲ್ ಎತ್ತಬಾರದು, ಇದೊಂದೇ ನಿಯಮ ನಾನು ತರಗತಿಯಲ್ಲಿ ಇಟ್ಟಿರೋದು.

ಇದಕ್ಕೆ ನಮ್ಮ ಭಾಷೆಯೇ ಸಹಾಯ ಮಾಡುತ್ತದೆ. 2/5 ಅನ್ನು "ಎರಡು ಬೈ ಐದು" ಅಂತ ಓದಿದರೆ ಎರಡು ಸಂಖ್ಯೆ ಮಾತ್ರ ಕೇಳಿಸುತ್ತವೆ. "ಐದರಲ್ಲಿ ಎರಡು ಪಾಲು" ಅಂತ ಓದಿ ನೋಡಿ. ಮೊದಲು ಐದು ಸಮ ಪಾಲು ಮಾಡು, ಆಮೇಲೆ ಎರಡು ತಗೋ, ಕೆಲಸದ ಕ್ರಮವೇ ಮಾತಿನಲ್ಲಿದೆ. ಹಾಗೆ ಓದಿದ ಕೂಡಲೇ "ಯಾವುದನ್ನ ಐದು ಪಾಲು ಮಾಡೋದು?" ಅಂತ ಮಗುವೇ ಕೇಳುತ್ತದೆ. ಮನೆಯಲ್ಲಿ ಒಂದು ವಾರ "ಬೈ" ಅನ್ನೋದನ್ನು ಬಿಟ್ಟುಬಿಡಿ. ಜೊತೆಗೆ ಪದದ ಬಾಲ ನೋಡೋದನ್ನು ಕಲಿಸಿ. "ಅಕ್ಕನ ಬಳಿ ಇರುವುದರ 1/3ರಷ್ಟು ತಂಗಿಯ ಬಳಿ ಇದೆ" ಮತ್ತು "ಅಕ್ಕನ ಬಳಿ ಇರುವುದಕ್ಕಿಂತ 1/3ರಷ್ಟು ಜಾಸ್ತಿ ತಂಗಿಯ ಬಳಿ ಇದೆ", ಇವೆರಡೂ ಓದೋದಕ್ಕೆ ಹೆಚ್ಚುಕಮ್ಮಿ ಒಂದೇ ಥರ. ಅಕ್ಕನ ಬಳಿ 12 ಇದ್ದರೆ ಮೊದಲನೆಯದರಲ್ಲಿ ತಂಗಿಗೆ 4, ಎರಡನೆಯದರಲ್ಲಿ 16. ಇಡೀ ಲೆಕ್ಕ "ಕ್ಕಿಂತ" ಅನ್ನೋ ಒಂದು ಬಾಲದಲ್ಲಿದೆ.

ಈಗ ಪುಟಗಳ ಲೆಕ್ಕಕ್ಕೆ ಬರೋಣ. ಎಕ್ಸ್ ಬೇಡ. ಒಂದು ಉದ್ದ ಪಟ್ಟಿ ಎಳೆಯಲಿ, ಅದು ಇಡೀ ಪುಸ್ತಕ. ಮೂರು ಸಮ ಭಾಗ ಮಾಡಲಿ, ಒಂದಕ್ಕೆ ಗೀರು ಹಾಕಲಿ, ಮೊದಲ ದಿನ ಮುಗಿಯಿತು. ಈಗ ಕೇಳಿ, "ಉಳಿದದ್ದು ಯಾವುದು? ಕೈಯಿಟ್ಟು ತೋರಿಸು." ಅವಳು ಎರಡು ಖಾಲಿ ಮನೆಗಳ ಮೇಲೆ ಅಂಗೈ ಇಡಬೇಕು. ಈ ಹೆಜ್ಜೆ ಮಾತ್ರ ಹಾರಿಸಬೇಡಿ, ಮಿಕ್ಕಿದ್ದು ಹೇಗೋ ನಡೆಯುತ್ತದೆ. ಆ ಅಂಗೈ ಕೆಳಗಿರೋದನ್ನೇ ಇನ್ನೊಂದು ಪಟ್ಟಿಯಾಗಿ ಕೆಳಗೆ ಇಳಿಸಿ ಬರೆಯಲಿ, ಅದನ್ನು ಐದು ಪಾಲು ಮಾಡಲಿ, ಎರಡಕ್ಕೆ ಗೀರು. ಮೂರು ಪಾಲು ಬಿಳಿ. ಮೂರು ಪಾಲಿಗೆ 72, ಒಂದು ಪಾಲಿಗೆ 24, ಕೆಳಗಿನ ಪಟ್ಟಿ ಪೂರ್ತಿ 120. ಅದು ಮೇಲಿನ ಪಟ್ಟಿಯ ಎರಡು ಮನೆ, ಅಂದರೆ ಒಂದು ಮನೆ 60, ಪುಸ್ತಕ 180. ಗುಣಿಸೋದಾ ಭಾಗಿಸೋದಾ ಅನ್ನೋ ಪ್ರಶ್ನೆ ಮಧ್ಯದಲ್ಲಿ ಎಲ್ಲೂ ಏಳಲಿಲ್ಲ, ಗಮನಿಸಿದ್ರಾ?

ಈ ಪಟ್ಟಿ ಚಿತ್ರದ ಪದ್ಧತಿಯನ್ನು ಸಿಂಗಪುರ 1980ರ ದಶಕದಲ್ಲಿ ತನ್ನ ಪ್ರಾಥಮಿಕ ಶಾಲೆಗಳಿಗೆ ತಂದಿತು, ಆಮೇಲೆ ಬೇರೆ ದೇಶಗಳಿಗೂ ಹೋಯಿತು. ನನಗೆ ಇದು ಇಷ್ಟ. ಆದರೆ ಮಂತ್ರ ಅಲ್ಲ. ಕೆಲವು ಮಕ್ಕಳು ಉತ್ತರ ಮೊದಲು ಬರೆದು ಆಮೇಲೆ ಅಂಕಕ್ಕಾಗಿ ಸುಮ್ನೆ ಒಂದು ಪಟ್ಟಿ ಎಳೆಯುತ್ತಾರೆ, ಆಗ ಅದು ಅಲಂಕಾರ. 7/13 ಥರದ ಭಿನ್ನರಾಶಿ ಬಂದಾಗ ಹದಿಮೂರು ಸಮ ಮನೆ ಎಳೆಯುವಷ್ಟರಲ್ಲಿ ತಾಳ್ಮೆ ಮುಗಿಯುತ್ತದೆ. ಅಂಥಲ್ಲಿ ಚಿತ್ರ ಅಂದಾಜಿಗಿದ್ದರೆ ಸಾಕು, ಅಳತೆಪಟ್ಟಿ ಬೇಡ.

ಅನುಪಾತಕ್ಕೂ ಇದೇ ಪ್ರಶ್ನೆ, ರೂಪ ಮಾತ್ರ ಬೇರೆ. ಹುಡುಗರು ಹುಡುಗಿಯರ ಅನುಪಾತ 3:4 ಅಂದರೆ ತರಗತಿಯಲ್ಲಿ ಹುಡುಗರು ಎಷ್ಟು ಭಾಗ? ಅರ್ಧ ತರಗತಿ 3/4 ಅನ್ನುತ್ತದೆ, ಇನ್ನರ್ಧ 3/7. ತಮಾಷೆ ಅಂದರೆ ಎರಡೂ ನಿಜ. ಹುಡುಗಿಯರ ಸಂಖ್ಯೆಗೆ ಹೋಲಿಸಿದರೆ ಹುಡುಗರು 3/4ರಷ್ಟು, ಇಡೀ ತರಗತಿಯಲ್ಲಿ 3/7 ಭಾಗ. ಯಾವುದರಲ್ಲಿ ಅಂತ ಕೇಳದೆ ಸರಿ ತಪ್ಪು ಹೇಳೋದಕ್ಕೇ ಆಗೋದಿಲ್ಲ. ಇನ್ನೊಂದು ವಿಷಯ, 3 ಮತ್ತು 4 ಅಂದರೆ ಮೂರು ಜನ ನಾಲ್ಕು ಜನ ಅಲ್ಲ, ಮೂರು ಪಾಲು ನಾಲ್ಕು ಪಾಲು. ಒಂದು ಪಾಲಿನಲ್ಲಿ ಎಷ್ಟು ಜನ ಅನ್ನೋದು ಇನ್ನೂ ಗೊತ್ತಿಲ್ಲ, ಅದನ್ನು ಹುಡುಕೋದೇ ಲೆಕ್ಕ.

ಇದನ್ನು ಮರೆತರೆ ಏನಾಗುತ್ತದೆ ನೋಡಿ. "ಹುಡುಗರು ಹುಡುಗಿಯರು 3:4. ಆರು ಹುಡುಗರು ಹೊಸದಾಗಿ ಸೇರಿದರು. ಈಗ ಅನುಪಾತ 9:10. ಮೊದಲು ಎಷ್ಟೆಷ್ಟು ಜನ ಇದ್ದರು?" ನನ್ನ ಒಬ್ಬ ವಿದ್ಯಾರ್ಥಿ ಅರ್ಧ ನಿಮಿಷದಲ್ಲಿ ಕೈ ಎತ್ತಿದ. "ಮೂರು ಹುಡುಗರು ಸರ್, 3ಕ್ಕೆ 6 ಕೂಡಿದರೆ 9, ಸರಿಯಾಯ್ತಲ್ಲ!" ಹೌದಪ್ಪಾ, ಆದರೆ ನಾಲ್ಕು ಹುಡುಗಿಯರು ಹತ್ತು ಜನ ಹೇಗಾದರು? ಯಾರೂ ಸೇರಲಿಲ್ಲವಲ್ಲ! ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೋರ್ಡ್ ನೋಡಿ, "ಹಾಗಾದ್ರೆ ಆ ನಾಲ್ಕು ಪಾಲು, ಈ ಹತ್ತು ಪಾಲು ಒಂದೇ ಹುಡುಗಿಯರದ್ದು" ಅಂದ. ಅಲ್ಲಿಂದ ಮುಂದೆ ನಾನು ಹೇಳಿಕೊಡೋದಕ್ಕೆ ಏನೂ ಉಳಿಯಲಿಲ್ಲ. ಹುಡುಗಿಯರು ಬದಲಾಗಿಲ್ಲ, ಆದ್ದರಿಂದ ಎರಡೂ ಕಡೆ ಅವರನ್ನು 20 ಪಾಲು ಮಾಡಿದ. 3:4 ಅನ್ನೋದು 15:20 ಆಯಿತು, 9:10 ಅನ್ನೋದು 18:20 ಆಯಿತು. ಹುಡುಗರು 15ರಿಂದ 18 ಪಾಲಿಗೆ ಏರಿದರು, ಆ ಮೂರು ಪಾಲೇ ಆರು ಜನ, ಒಂದು ಪಾಲು ಇಬ್ಬರು. ಮೊದಲು 30 ಹುಡುಗರು, 40 ಹುಡುಗಿಯರು. ಅನುಪಾತ ಬದಲಾಗುವ ಲೆಕ್ಕ ಬಂದಾಗಲೆಲ್ಲ "ಬದಲಾಗದೆ ಕೂತಿರೋದು ಯಾವುದು?" ಅಂತ ಹುಡುಕಲು ಹೇಳಿ. ಕೆಲವೊಮ್ಮೆ ಒಂದು ಕಡೆಯವರು, ಕೆಲವೊಮ್ಮೆ ಒಟ್ಟು, ವಯಸ್ಸಿನ ಲೆಕ್ಕದಲ್ಲಾದರೆ ವ್ಯತ್ಯಾಸ.

ಒಟ್ಟು ಬದಲಾಗದ ಲೆಕ್ಕವೂ ಒಂದು ನೋಡಿಬಿಡಿ. ಇಬ್ಬರ ಬಳಿ ಮಣಿಗಳು 5:3ರಲ್ಲಿವೆ. ಮೊದಲನೆಯವಳು ಎರಡನೆಯವಳಿಗೆ 12 ಮಣಿ ಕೊಟ್ಟಳು, ಇಬ್ಬರದೂ ಸಮ ಆಯಿತು. ಮಕ್ಕಳು "ವ್ಯತ್ಯಾಸ ಎರಡು ಪಾಲು, ಅದೇ 12, ಹಾಗಾಗಿ ಒಂದು ಪಾಲು 6" ಅಂತ ಹೋಗುತ್ತಾರೆ, 30 ಮತ್ತು 18 ಬರುತ್ತದೆ. ತಾಳೆ ನೋಡಿ: 30ರಲ್ಲಿ 12 ಕೊಟ್ಟರೆ ಇವಳ ಬಳಿ 18, ಅವಳ ಬಳಿ 30. ಸಮ ಆಗೋದಿರಲಿ, ಅದಲುಬದಲಾಗಿಬಿಟ್ಟಿತು! ಕೊಟ್ಟದ್ದು ಒಂದೇ ಪಾಲು, ಅದು 12. ಹಾಗಾಗಿ 60 ಮತ್ತು 36. ಹೀಗೆ ಉತ್ತರವನ್ನು ಕಥೆಯೊಳಗೆ ವಾಪಸ್ ಹಾಕಿ ನೋಡೋ ಅಭ್ಯಾಸ ಒಂದಿದ್ದರೆ ಅರ್ಧ ತಪ್ಪು ಮಗುವಿಗೇ ಸಿಗುತ್ತದೆ.

ಇಲ್ಲಿ ಇನ್ನೊಂದು ಹಳೇ ಗಂಟಿದೆ. ಅಮೆರಿಕದ ರಾಬರ್ಟ್ ಕಾರ್‌ಪ್ಲಸ್ ಮೂಲತಃ ಭೌತವಿಜ್ಞಾನಿ. ಅವರು ಮಕ್ಕಳಿಗೆ ಕೊಟ್ಟ ಒಂದು ಲೆಕ್ಕ ಹೆಸರುವಾಸಿ. ಒಬ್ಬ ಕುಳ್ಳ, ಒಬ್ಬ ಉದ್ದದವ. ಗುಂಡಿಗಳನ್ನು ಜೋಡಿಸಿ ಅಳೆದರೆ ಕುಳ್ಳ 4 ಗುಂಡಿ, ಉದ್ದದವ 6 ಗುಂಡಿ. ಪೇಪರ್ ಕ್ಲಿಪ್ಪಿನಲ್ಲಿ ಅಳೆದರೆ ಕುಳ್ಳ 6 ಕ್ಲಿಪ್ಪು. ಉದ್ದದವ ಎಷ್ಟು ಕ್ಲಿಪ್ಪು? ತುಂಬಾ ಮಕ್ಕಳು 8 ಅನ್ನುತ್ತಾರೆ, ಎರಡು ಜಾಸ್ತಿ ಇದ್ದದ್ದು ಎರಡೇ ಜಾಸ್ತಿ ಇರಬೇಕಲ್ವಾ ಅಂತ. ಸರಿಯಾದದ್ದು 9, ಯಾಕಂದರೆ ಅವನು ಕುಳ್ಳನ ಒಂದೂವರೆ ಪಟ್ಟು ಉದ್ದ. "ಎಷ್ಟು ಜಾಸ್ತಿ" ಅನ್ನೋದರಿಂದ "ಎಷ್ಟು ಪಟ್ಟು" ಅನ್ನೋದಕ್ಕೆ ದಾಟೋದು ನಿಜಕ್ಕೂ ದೊಡ್ಡ ಹೆಜ್ಜೆ. ನಿಮ್ಮ ಮಗಳಿಗೆ ಈ ಲೆಕ್ಕ ಕೊಟ್ಟು ನೋಡಿ. 8 ಅಂದರೆ ಬೈಯಬೇಡಿ, ಅನುಪಾತದ ಪಾಠ ಎಲ್ಲಿಂದ ಶುರುವಾಗಬೇಕು ಅಂತ ಗೊತ್ತಾಯಿತು ಅಂದುಕೊಳ್ಳಿ.

ಭಿನ್ನರಾಶಿಯಿಂದ ಭಾಗಿಸುವ ಲೆಕ್ಕಕ್ಕೆ ಒಂದು ಸಣ್ಣ ಉಪಾಯ ಇದೆ. ಭಿನ್ನರಾಶಿಯ ಜಾಗದಲ್ಲಿ ತಾತ್ಕಾಲಿಕವಾಗಿ ಪೂರ್ಣ ಸಂಖ್ಯೆ ಇಡಿ. "6 ಮೀಟರ್ ರಿಬ್ಬನ್‌ನಲ್ಲಿ 3/4 ಮೀಟರಿನ ಎಷ್ಟು ತುಂಡು?" ಅಂದರೆ ಹೆದರುವ ಮಗು "2 ಮೀಟರಿನ ಎಷ್ಟು ತುಂಡು?" ಅಂದರೆ ತಟ್ಟನೆ ಭಾಗಿಸುತ್ತದೆ. ಕೆಲಸ ಅದೇ, ಸಂಖ್ಯೆ ಬೇರೆ. 8 ತುಂಡು ಬಂದಾಗ "ಭಾಗಿಸಿದರೆ ಕಡಿಮೆ ಆಗಬೇಕಿತ್ತಲ್ಲ" ಅನ್ನುತ್ತಾರೆ. ತುಂಡು ಒಂದು ಮೀಟರಿಗಿಂತ ಚಿಕ್ಕದು, ಅದಕ್ಕೇ ತುಂಡುಗಳು ಆರಕ್ಕಿಂತ ಜಾಸ್ತಿ. ಈಗ ರಿಬ್ಬನ್ 7 ಮೀಟರ್ ಮಾಡಿ. ಉತ್ತರ 9 ಪೂರ್ಣ 1/3. ಹಾಗಾದರೆ ಮಿಕ್ಕಿದ ರಿಬ್ಬನ್ ಎಷ್ಟು? ಚೆನ್ನಾಗಿ ಓದುವ ಮಕ್ಕಳೂ 1/3 ಮೀಟರ್ ಅನ್ನುತ್ತಾರೆ. ಅಲ್ಲ, ಕಾಲು ಮೀಟರ್. ಆ 1/3 ಮೀಟರಿನದ್ದಲ್ಲ, ಒಂದು ತುಂಡಿನದ್ದು. ಮತ್ತೆ ಅದೇ ಯಜಮಾನನ ಪ್ರಶ್ನೆ.

ಪಟ್ಟಿ ಚಿತ್ರ ಬಿಟ್ಟು ಬೇರೆ ದಾರಿಗಳೂ ಇವೆ, ಪ್ರತಿಯೊಂದಕ್ಕೂ ಅದರದ್ದೇ ಅಪಾಯ ಇದೆ. ಒಂದಕ್ಕೆ ಎಷ್ಟು ಅಂತ ಮೊದಲು ಹುಡುಕುವ ವಿಧಾನ ಸುರಕ್ಷಿತ, ಸ್ವಲ್ಪ ನಿಧಾನ. ಅಡ್ಡ ಗುಣಾಕಾರ ವೇಗ, ಆದರೆ ಅದು ಕಣ್ಣಿಲ್ಲದ ಯಂತ್ರ. "ಅಕ್ಕನಿಗೆ 12 ವರ್ಷ, ತಂಗಿಗೆ 6. ತಂಗಿಗೆ 10 ಆದಾಗ ಅಕ್ಕನಿಗೆ?" ಅಂದರೆ ಅದು ನಾಚಿಕೆಯಿಲ್ಲದೆ 20 ಅನ್ನುತ್ತದೆ, ಸರಿಯಾದದ್ದು 16. ಹೆಚ್ಚು ಜನ ಸೇರಿದರೆ ಕೆಲಸ ಬೇಗ ಮುಗಿಯುವ ಲೆಕ್ಕದಲ್ಲೂ ಅದು ಉಲ್ಟಾ ಹೇಳುತ್ತದೆ. ಅದನ್ನು ಕಲಿಸಬೇಡಿ ಅನ್ನುತ್ತಿಲ್ಲ, ಕೊನೆಗೆ ಕಲಿಸಿ.

ಇನ್ನೊಂದು ನನಗೆ ಬಹಳ ಪ್ರೀತಿಯದು, ಊಹಿಸಿ ಸರಿಪಡಿಸುವುದು. ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ರಿಂಡ್ ಪಪೈರಸ್ ಅನ್ನೋ ಗಣಿತದ ಹಸ್ತಪ್ರತಿಯಲ್ಲಿ ಇಂಥ ಲೆಕ್ಕಗಳಿವೆ. ಒಂದು ಸಂಖ್ಯೆಗೆ ಅದರ ಏಳರಲ್ಲೊಂದು ಪಾಲು ಸೇರಿಸಿದರೆ 19, ಆ ಸಂಖ್ಯೆ ಯಾವುದು? 7 ಅಂದುಕೋ, ಆಗ 8 ಬರುತ್ತದೆ. ನಮಗೆ ಬೇಕಾದ್ದು 19. ಎಂಟನ್ನು ಎಷ್ಟು ಪಟ್ಟು ಮಾಡಿದರೆ 19 ಬರುತ್ತದೋ ಏಳನ್ನೂ ಅಷ್ಟೇ ಪಟ್ಟು ಮಾಡು. ನಿಮ್ಮ ಲೆಕ್ಕಕ್ಕೆ ಹಚ್ಚಿ ನೋಡಿ: ಪುಸ್ತಕದಲ್ಲಿ 15 ಪುಟ ಅಂದುಕೊಳ್ಳಿ. ಮೊದಲ ದಿನ 5, ಉಳಿದ 10ರಲ್ಲಿ 4, ಬಾಕಿ 6. ನಮಗೆ ಬೇಕಾದ್ದು 72, ಅಂದರೆ 12 ಪಟ್ಟು. 15ರ 12 ಪಟ್ಟು 180. ಅಳುವ ಮಗುವಿಗೆ ಇದು ಒಳ್ಳೆ ಮದ್ದು, ಸಣ್ಣ ಸಂಖ್ಯೆಯಿಂದ ಶುರು ಮಾಡಬಹುದಲ್ಲ. ಆದರೆ ಕಥೆಯ ಮಧ್ಯೆ "1/3 ಮತ್ತು ಇನ್ನೂ 10 ಪುಟ" ಅಂತ ಒಂದು ಬಿಡಿ ಸಂಖ್ಯೆ ಬಂದರೆ ಈ ಉಪಾಯ ಕೈಕೊಡುತ್ತದೆ, ಯಾಕಂದರೆ ಪುಸ್ತಕವನ್ನು ಹಿಗ್ಗಿಸಿದರೂ ಆ 10 ಹಿಗ್ಗುವುದಿಲ್ಲ. ಅಲ್ಲಿ ಪಟ್ಟಿ ಚಿತ್ರವೋ ಎಕ್ಸೋ ಬೇಕು.

ಎಕ್ಸ್ ಬಗ್ಗೆ ಹೇಳಲೇಬೇಕು, ನೀವು ಅದನ್ನೇ ಹಿಡಿದಿರಿ. ಅದು ತಪ್ಪಲ್ಲ, ಮುಂದೆ ಬೇಕೇಬೇಕು. ಆದರೆ ಯಜಮಾನ ಯಾರು ಅಂತ ತಿಳಿಯದ ಮಗು 2/5 ಅನ್ನು ಎಕ್ಸ್‌ಗೆ ಅಂಟಿಸುತ್ತದೆ, ಅದೇ 270 ಬರುತ್ತದೆ, ಈ ಸಲ ಬೀಜಗಣಿತದಲ್ಲಿ. ದೊಡ್ಡವರೂ ಹೀಗೆ ಜಾರುತ್ತಾರೆ. ಅಮೆರಿಕದಲ್ಲಿ 1981ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಬ್ಬ ಪ್ರಾಧ್ಯಾಪಕರಿಗೆ ಆರು ವಿದ್ಯಾರ್ಥಿಗಳು ಅನ್ನೋದನ್ನು ಸಮೀಕರಣವಾಗಿ ಬರೆಯಿರಿ ಅಂದಾಗ ಎಂಜಿನಿಯರಿಂಗ್ ಓದುವ ಹುಡುಗರಲ್ಲಿ ನೂರಕ್ಕೆ 37 ಜನ ತಪ್ಪಿದರು. ಸಾಮಾನ್ಯ ತಪ್ಪು, ಆರನ್ನು ವಿದ್ಯಾರ್ಥಿಗಳ ಪಕ್ಕ ಬರೆಯೋದು. ಅದು ಪ್ರಾಧ್ಯಾಪಕರ ಪಕ್ಕ ಇರಬೇಕು, ಅವರ ಸಂಖ್ಯೆಯನ್ನು ಆರರಿಂದ ಗುಣಿಸಿದರೆ ತಾನೇ ವಿದ್ಯಾರ್ಥಿಗಳ ಸಂಖ್ಯೆ ಬರೋದು. ಹಾಗಾಗಿ ಚಿತ್ರದಲ್ಲಿ ಬಿಡಿಸಿದ್ದನ್ನೇ ಆಮೇಲೆ ಎಕ್ಸ್‌ನಲ್ಲಿ ಬರೆಯಿಸಿ, ಉಲ್ಟಾ ಕ್ರಮ ಬೇಡ.

ಅಂದಾಜಿನ ಬಗ್ಗೆ ಒಂದು ಮಾತು. 1978ರಲ್ಲಿ ಅಮೆರಿಕದ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ 13 ವರ್ಷದ ಮಕ್ಕಳಿಗೆ 12/13 ಮತ್ತು 7/8 ಕೂಡಿದರೆ ಸುಮಾರು ಎಷ್ಟು ಅಂತ ಕೇಳಿದ್ದರು. ಆಯ್ಕೆಗಳು 1, 2, 19, 21. ಎರಡೂ ಒಂದಕ್ಕೆ ಹತ್ತಿರ, ಉತ್ತರ 2. ನೂರಕ್ಕೆ 24 ಮಕ್ಕಳು ಮಾತ್ರ ಅದನ್ನು ಗುರುತು ಮಾಡಿದರು. ಲ.ಸಾ.ಅ. ತೆಗೆಯೋ ಮುಂಚೆ "ಹೆಚ್ಚುಕಮ್ಮಿ ಎಷ್ಟು ಬರಬಹುದು?" ಅಂತ ಕೇಳಿ, ತಪ್ಪು ಹೇಳಿದರೂ ಪರವಾಗಿಲ್ಲ.

ಪರೀಕ್ಷೆಯಲ್ಲಿ ಚಿತ್ರ ಬರೆಯುತ್ತಾ ಕೂತರೆ ಸಮಯ ಸಾಲುತ್ತಾ ಅಂತ ನೀವು ಮುಂದೆ ಕೇಳುತ್ತೀರಿ. ಮೊದಲ ಕೆಲವು ವಾರ ನಿಧಾನವಾಗುತ್ತದೆ, ಅಂಕವೂ ಸ್ವಲ್ಪ ಕಡಿಮೆ ಬರಬಹುದು, ಅದಕ್ಕೆ ತಯಾರಿರಿ. ಆಮೇಲೆ ಪಟ್ಟಿ ಚಿಕ್ಕದಾಗುತ್ತಾ ಹೋಗುತ್ತದೆ, ಒಂದು ದಿನ ಮನಸ್ಸಿನಲ್ಲೇ ಎಳೆಯುತ್ತಾಳೆ. ಆದರೆ ಸಣ್ಣ ಸಂಖ್ಯೆಗಳನ್ನು ಕೂಡೋದಕ್ಕೂ ಇನ್ನೂ ಬೆರಳೆಣಿಸುತ್ತಾಳೆ, 1/2 ದೊಡ್ಡದಾ 1/3 ದೊಡ್ಡದಾ ಅಂತ ಹೇಳೋದಕ್ಕೆ ಪ್ರತಿ ಸಲ ಒದ್ದಾಡುತ್ತಾಳೆ, ಅಥವಾ ನೀವು ಓದಿ ಹೇಳಿದರೆ ಅರ್ಥವಾಗುತ್ತದೆ, ತಾನೇ ಓದಿದರೆ ಆಗೋದಿಲ್ಲ ಅನ್ನೋ ಹಾಗಿದ್ದರೆ, ಅದು ಬೇರೆ ವಿಷಯ. ಆಗ ಕಲಿಕೆಯ ತೊಂದರೆಗಳನ್ನು ಪರೀಕ್ಷಿಸುವ ತಜ್ಞರಿಗೆ ಒಮ್ಮೆ ತೋರಿಸಿ. ನೀವು ಬರೆದದ್ದು ನೋಡಿದರೆ ನನಗೆ ಹಾಗೆ ಅನ್ನಿಸುತ್ತಿಲ್ಲ.

ಆ 270 ಬರೆದ ಹಾಳೆ ಇದ್ದರೆ ಎತ್ತಿಡಿ. ಇವತ್ತು ಬೇಡ, ಇನ್ನೊಂದು ದಿನ, ಅವಳ ಮನಸ್ಸು ಹಗುರ ಇದ್ದಾಗ, "ಪುಸ್ತಕದಲ್ಲಿ 270 ಪುಟ ಇತ್ತು ಅಂತಲೇ ಇಟ್ಟುಕೊಳ್ಳೋಣ, ಕಥೆ ನಡೆಸು" ಅನ್ನಿ. ಮೊದಲ ದಿನ 90 ಓದುತ್ತಾಳೆ. ಉಳಿದ 180ರಲ್ಲಿ ಐದರಲ್ಲಿ ಎರಡು ಪಾಲು ಅಂದರೆ 72. ಇಲ್ಲಿ ಅವಳು "ನೋಡು, 72 ಬಂತು!" ಅಂತ ಖುಷಿಯಿಂದ ಕೂಗುವ ಸಾಧ್ಯತೆ ಇದೆ, ಅವಸರಪಟ್ಟು ತಿದ್ದಬೇಡಿ. "ಈ 72 ಯಾವುದು, ಓದಿದ್ದಾ, ಬಾಕಿ ಇದ್ದದ್ದಾ?" ಅಂತ ಕೇಳಿ, ಅವಳೇ ಹೇಳೋವರೆಗೆ ಕಾಯಿರಿ.